ಸತ್ತವರಿಗೆ ಒಂದೇ ಪ್ರಶ್ನೆ

ಮೊನ್ನೆ ಅಕ್ಕಿ ಡಬ್ಬದ ಹಿಂದೆ ಜಪಾನಿ ಚಿತ್ರಕಥೆಯ ಪುಸ್ತಕವೊಂದು ಸಿಕ್ಕಿತು. ಮುಖಪುಟದ ಮೇಲೆ ದುಂಡಗೆ ಕಂದು ಕಲೆ. ನನ್ನದೇ ಕೈವಾಡ. ಒಂದು ದಿನ ಬಿಸಿ ಸಾರಿನ ಪಾತ್ರೆಯನ್ನು ಅದರ ಮೇಲೆ ಇಳಿಸಿದ್ದೆ. ಮೂಸಿ ನೋಡಿದರೆ ಇಂಗಿನ ವಾಸನೆ ಇನ್ನೂ ಇದೆ ಅನ್ನಿಸಿತು. ನೀವು ನಕ್ಕರೆ ನಗಿ.

ಪುಸ್ತಕ ಸಫಿಯಾಳದು. ಗಲ್ಫಿನ ಅಲ್ ಖೋರ್ ಊರಿನಲ್ಲಿ ನಮ್ಮ ಎದುರು ಫ್ಲಾಟಿನ ಜುಬೇದಾಳ ಮಗಳು. ಇಂಥವನ್ನು ಮಂಗಾ ಎನ್ನುತ್ತಾರೆಂದು ಹೇಳಿಕೊಟ್ಟವಳು ಅವಳೇ. ನಾನು ಮೈಸೂರಿನ ಅಭ್ಯಾಸದಂತೆ ಎಡದಿಂದ ತೆರೆದು, ಮೊದಲ ಪುಟದಲ್ಲೇ ಕೊಲೆಗಾರನಿಗೆ ಬೇಡಿ ಬಿದ್ದದ್ದನ್ನು ಕಂಡು, ಇನ್ನುಳಿದ ಇನ್ನೂರು ಪುಟದಲ್ಲಿ ಏನು ಮಾಡುತ್ತಾರಪ್ಪ ಎಂದು ಯೋಚಿಸಿದ್ದೆ. ಅದನ್ನು ಬಲದಿಂದ ಓದಬೇಕು. ಅರಬ್ಬಿ ಓದಿ ಬೆಳೆದ ಜುಬೇದಾ ಎಡವಲೇ ಇಲ್ಲ.

ಕಥೆ ಒಬ್ಬ ಮಹಿಳಾ ಇನ್ಸ್‌ಪೆಕ್ಟರಳದು. ಸತ್ತವರ ಹಣೆ ಮುಟ್ಟಿ ಅವಳು ಒಂದೇ ಒಂದು ಪ್ರಶ್ನೆ ಕೇಳಬಹುದು. ಸತ್ತವರು ಸುಳ್ಳು ಹೇಳುವುದಿಲ್ಲ. ಆದರೆ ಪುಸ್ತಕದಲ್ಲಿ ಅವರ ಬಾಯಿಂದ ಹೊರಡುವ ಬಲೂನಿನೊಳಗೆ ಒಂದಕ್ಷರವೂ ಇರುವುದಿಲ್ಲ. ಉತ್ತರ ಅವಳಿಗೆ ಮಾತ್ರ ಕೇಳುತ್ತದೆ.

ಇಂಥ ಮಂಗಾಗಳಿಂದ, ನಿಜವಾದ ನಟರನ್ನು ಹಾಕಿ ತೆಗೆದ ಸಿನಿಮಾಗಳನ್ನು ನಾವು ಮೂವರೂ ಶುಕ್ರವಾರ ಊಟವಾದ ಮೇಲೆ ಜುಬೇದಾಳ ಮನೆಯಲ್ಲಿ ನೋಡುತ್ತಿದ್ದೆವು. ಊರ ಹೊರಗೆ ಫುಟ್‌ಬಾಲ್ ವಿಶ್ವಕಪ್ಪಿಗೆ ಗುಡಾರದಂಥ ಸ್ಟೇಡಿಯಂ ಸಿದ್ಧವಾಗುತ್ತಿದ್ದ ವರ್ಷಗಳು ಅವು. ಜುಬೇದಾಳ ಗಂಡ ಹಮೀದರು ತೀರಿಕೊಂಡಿದ್ದರು. ಅವಳು ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ತಾಯಿ ಮಗಳು ಇಲ್ಲೇ ಉಳಿದರು. ರಜೆಯ ಮಧ್ಯಾಹ್ನ ಇಬ್ಬರೇ ಕೂರುವುದು ಬೇಡವೆಂದು ಶುರುವಾದ ಅಭ್ಯಾಸವಿದು.

ಸಫಿಯಾಗೆ ಯಾವ ಸಿನಿಮಾವೂ ಹಿಡಿಸುತ್ತಿರಲಿಲ್ಲ. ಪುಸ್ತಕದಲ್ಲಿ ಗಾಳಿಗೆ ಹಾರುವ ಬೆಳ್ಳಿಗೂದಲು ಪರದೆಯ ಮೇಲೆ ಅಲುಗಾಡದ ವಿಗ್ಗಾಗುತ್ತಿತ್ತು; ದೆವ್ವಗಳು ಮೆಟ್ಟಿಲಿಳಿಯುವಾಗ ಕಾಲು ನೋಡಿಕೊಂಡು ಇಳಿಯುತ್ತಿದ್ದವು. ನಾನಂತೂ ಪ್ರತಿ ಸಲ ತಪ್ಪು ಮನುಷ್ಯನನ್ನೇ ಅನುಮಾನಿಸುತ್ತಿದ್ದೆ. ಜುಬೇದಾ ಕಾಲು ಗಂಟೆಯಲ್ಲಿ ಹೇಳಿಬಿಡುತ್ತಿದ್ದಳು, "ಅಕ್ಕ, ಇವನೇ. ಕಣ್ಣೀರು ಬರುವ ಮೊದಲೇ ಕರ್ಚೀಫು ತೆಗ್ದಾಯ್ತು, ನೋಡಿ."

ಅವಳೊಡನೆ ಸಿನಿಮಾ ನೋಡಲು ನನಗೊಂದು ಸಣ್ಣ ಭಯವೂ ಇತ್ತು. ಅದನ್ನೀಗ ಹೇಳಿಬಿಡುತ್ತೇನೆ.

ಹಮೀದರೂ ನಮ್ಮವರೂ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಆ ಕೊನೆಯ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಏನೋ ಮಾತಿಗೆ ಮಾತು ಬೆಳೆದು, ಹಮೀದರು ಒಂದಕ್ಷರ ಆಡದೆ ಹೊರಟಿದ್ದರು. ಬಸ್ಸಿನಲ್ಲಿ ತಮ್ಮ ನೀರುದೋಸೆಯ ಡಬ್ಬಿಯನ್ನು ನಮ್ಮವರಿಗೆ ಕೊಟ್ಟರು. ಇವರು ಪೂರ್ತಿ ತಿಂದು, ಆಫೀಸಿನಲ್ಲಿ ತೊಳೆದು, ವಾಪಸು ಅವರ ಚೀಲದಲ್ಲಿಟ್ಟರು. ಹನ್ನೊಂದರ ಹೊತ್ತಿಗೆ ಹಮೀದರು ಇರಲಿಲ್ಲ. ಹೃದಯ. ಸಂಜೆ ಮನೆಗೆ ಬಂದ ಚೀಲದಿಂದ ಜುಬೇದಾ ಖಾಲಿ ಡಬ್ಬಿ ತೆಗೆದು, ಜಗಳ ಆಡಿದರೂ ನನ್ನ ಕೈಯದ್ದು ತಿಂದಿದ್ದಾರೆ ಎಂದು ಬಂದವರಿಗೆಲ್ಲ ತೋರಿಸಿದಳು. ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ಹೇಗೆ ಹೇಳುವುದು? ಅವಳಿಗೆ ಉಳಿದ ಅಷ್ಟು ಸಮಾಧಾನವನ್ನೂ ಕಿತ್ತುಕೊಂಡಂತೆ ಆಗುವುದಿಲ್ಲವೇ? ಎರಡು ವರ್ಷ ಸುಮ್ಮನಿದ್ದೆವು.

ವಿಶ್ವಕಪ್ಪಿನಲ್ಲಿ ಜಪಾನ್ ಗೆದ್ದ ವಾರ, ಸಫಿಯಾ ಖುಷಿಯಲ್ಲಿ ಆ ಇನ್ಸ್‌ಪೆಕ್ಟರಳ ಸಿನಿಮಾ ಹಾಕಿದಳು. ಅದರಲ್ಲಿ ಸತ್ತವನು ಬಾಯಿಬಿಟ್ಟು ಉತ್ತರ ಹೇಳಿಯೇಬಿಟ್ಟ. "ಖಾಲಿ ಬಿಡ್ಬೇಕಿತ್ತು, ಆಂಟಿ. ಎಲ್ಲ ಹಾಳು," ಎಂದು ಅವಳು ಜಪಾನಿನ ನೀಲಿ ಜೆರ್ಸಿ ಹಾಕಿಕೊಂಡು ಗೆಳತಿಯರ ಹತ್ತಿರ ಹೋದಳು. ಅವಳ ಮಾತು ಸರಿಯೇ ಎಂದಿದ್ದೆ ನಾನು.

ಇಂಥ ಸಿನಿಮಾ ಮುಗಿದಾಗಲೆಲ್ಲ ನಮ್ಮಲ್ಲೊಂದು ಆಟವಿತ್ತು: ಸತ್ತವರಿಗೆ ನೀನಾದರೆ ಏನು ಕೇಳುತ್ತಿದ್ದೆ? ಗೀಸರಿನ ವಾರಂಟಿ ಕಾರ್ಡು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತೇನೆ ಅನ್ನುತ್ತಿದ್ದಳು ಜುಬೇದಾ. ಅಂದು ಮಾತ್ರ ಅವಳು ನಗಲಿಲ್ಲ.

"ಆ ಡಬ್ಬಿ ಯಾಕೆ ಕೊಟ್ರಿ ಅಂತ ಕೇಳ್ತಿದ್ದೆ ಅಕ್ಕ. ಸಿಟ್ಟಿಗಾ, ಹುಷಾರಿಲ್ಲದೆಯಾ."

ನಿನಗೆ ಗೊತ್ತಿತ್ತಾ ಎಂದೆ.

"ತೊಳ್ದ ಡಬ್ಬಿ ಬಂತಲ್ಲ. ನಮ್ಮವರು ಹದಿನೇಳು ವರ್ಷದಲ್ಲಿ ಒಂದು ಚಮಚ ತೊಳ್ದವರಲ್ಲ. ತೊಳ್ದು ತರುವುದು ನಿಮ್ಮವರು, ನೀವೇ ಹೊಗಳ್ತಿದ್ರಿ. ಅಣ್ಣ ತಲೆ ಕೆಳಗೆ ಹಾಕಿ ಕೂತಿದ್ರು. ತಿಂದದ್ದು ಅವರಿಗೆ ಭಾರ ಆಗ್ಬಾರ್ದು ಅಂತ ನಾನು ಹಾಗೆ ಹೇಳಿದ್ದು."

ಎರಡು ವರ್ಷ ಎದುರುಬದುರು ಬಾಗಿಲುಗಳಲ್ಲಿ ಕೂತು ನಾವು ಒಬ್ಬರನ್ನೊಬ್ಬರು ಕಾಪಾಡಿಕೊಂಡ ರೀತಿ ನೋಡಿ. ಅವಳ ಪ್ರಶ್ನೆಗೆ ಉತ್ತರ ಸತ್ತವರ ಹತ್ತಿರ ಇರಲಿಲ್ಲ. ನಮ್ಮ ಮನೆಯ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿತ್ತು. ಹೋಗಿ ಎಬ್ಬಿಸಿದೆ.

ನಮ್ಮವರು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದು ಟೀವಿಯ ಪಕ್ಕ ಆರೋಪಿಯಂತೆ ನಿಂತರು. ಡಬ್ಬಿ ಕೊಡುವಾಗ ಹಮೀದರು ಅಂದದ್ದನ್ನು ಹಾಗೆಯೇ ಹೇಳಿ ಎಂದೆ.

"'ಹೊಟ್ಟೆ ಭಾರ, ಗ್ಯಾಸ್ ಇರ್ಬೇಕು. ಬೆಳಿಗ್ಗೆ ಬೇಗ ಎದ್ದು ಮಾಡಿದ್ದಾಳೆ, ಹಾಳಾಗ್ಬಾರ್ದು, ನೀವು ತಿನ್ನಿ' ಅಂದ್ರು. ಗ್ಯಾಸ್ ಅಂತ ನಾನೂ ನಂಬಿಬಿಟ್ಟೆ, ಜುಬೇದಾ. ಡ್ರೈವರ್‌ಗೆ ಹೇಳಿ ಆಸ್ಪತ್ರೆಗೆ ತಿರುಗಿಸ್ಬೇಕಿತ್ತು."

ಜುಬೇದಾ ಸೆರಗಿನಿಂದ ರಿಮೋಟನ್ನು ಸುಮ್ಮನೆ ಒರೆಸುತ್ತ ಕೂತಳು. ಹೊರಗೆ ಸ್ಟೇಡಿಯಮ್ಮಿನ ಕಡೆ ಹೋಗುವವರ ತುತ್ತೂರಿ.

"ಬೇಗ ಎದ್ದು ಅಂದ್ರಾ?"

"ಹೂಂ."

"ನಾನು ಎದ್ದದ್ದು ಅವರಿಗೆ ಗೊತ್ತಿತ್ತು ಹಾಗಾದ್ರೆ," ಎಂದಳು. ರಿಮೋಟನ್ನು ಕೆಳಗಿಟ್ಟು ಎದ್ದಳು, "ಅಣ್ಣ, ಕೂತ್ಕೊಳ್ಳಿ. ಚಹಾ ತರ್ತೇನೆ."

ಸಫಿಯಾ ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ಒದ್ದೆ ಬಟ್ಟೆಯಿಂದ ಮುಖಪುಟ ಒರೆಸಿ, ಈ ಸಲ ಬಲದಿಂದಲೇ ತೆರೆದೆ. ಆ ಬಲೂನು ಹಾಗೆಯೇ ಇದೆ, ಬೆಳ್ಳಗೆ. ಸಿನಿಮಾದವರು ಅದಕ್ಕೆ ಮಾತು ತುಂಬಿದ್ದು ತಪ್ಪೆಂದು ಆ ಹುಡುಗಿಯ ಮುಂದೆ ಒಪ್ಪಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಸಿಕ್ಕಾಗ ಅವಳಿಗೂ ಹೇಳಬೇಕು.