ಹಣೆಯವರೆಗೆ ಬಂದ ಅಧ್ಯಕ್ಷೆ

ಕಳೆದ ಗುರುವಾರ ನಮ್ಮ ಮಹಿಳಾ ಮಂಡಳಿಯ ಅಧ್ಯಕ್ಷೆ ಸರೋಜಕ್ಕ ಭದ್ರಾವತಿಯಲ್ಲಿ ಹಣೆಯವರೆಗೆ ಬಂದು ನಿಂತುಬಿಟ್ಟರು.

ಗಾಬರಿ ಬೇಡ. ನಿಂತಿದ್ದು ಅವರ ಫೋಟೋ. ನಿಲ್ಲಿಸಿದ್ದು ಅಲ್ಲಿರುವ ನನ್ನ ತಮ್ಮ ಶಿವಣ್ಣನ ಹಳೇ ಪ್ರಿಂಟರ್. ತಲೆ ತುಂಬ ಮಲ್ಲಿಗೆ ಬಂತು, ಬೈತಲೆ ಬಂತು, ರೂಪಾಯಿ ಅಗಲದ ಕುಂಕುಮ ಬಂತು. ಹುಬ್ಬು ಬರಬೇಕು ಅನ್ನುವಷ್ಟರಲ್ಲಿ ಪ್ರಿಂಟರ್ ಒಮ್ಮೆ ನರಳಿ, ಕೆಂಪು ದೀಪ ಮಿಟುಕಿಸಿ, ಕಾಗದ ಹೊರಗೆ ತಳ್ಳಿತು.

ವಿಷಯ ಇಷ್ಟೇ. ವಿನೋಬನಗರದ ನಮ್ಮ ಮಂಡಳಿ ಭಾನುವಾರ ಬಟ್ಟೆ ಚೀಲ ಹೊಲಿಯುವ ತರಬೇತಿ ಇಟ್ಟುಕೊಂಡಿತ್ತು. ಪ್ಲಾಸ್ಟಿಕ್ ಬೇಡ ಅನ್ನುವ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟಿಸಿದರೆ ಜನ ಉಗಿಯುವುದಿಲ್ಲವೇ? ಕಾಗದದ ಪೋಸ್ಟರೇ ಆಗಲಿ ಎಂದಾಯಿತು. "ನನ್ನ ತಮ್ಮನ ಹತ್ರ ಪ್ರಿಂಟರ್ ಇದೆ, ನಾನ್ ಮಾಡಿಸ್ಕೊಂಡ್ ಬರ್ತೀನಿ" ಎಂದು ಜಂಬ ಕೊಚ್ಚಿದವಳು ನಾನೇ. ಮೊಬೈಲ್‌ನಲ್ಲಿ ಟೈಪ್ ಮಾಡಲು ಕಲಿತಿದ್ದೇನೆ ನೋಡಿ, ಆ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. (ಒಂದೇ ಬೆರಳಲ್ಲಿ. ಈ ಅಂಕಣವೂ ಅದೇ ಬೆರಳಿನದು.)

ಹೊಲಿಗೆ ಕಲಿಸಲು ಗಾಜನೂರಿನಿಂದ ಲಲಿತಾ ಬರುವವಳಿದ್ದಳು. ಹೋದ ಸಲ ಬಟ್ಟೆ ಗಂಟು ಹೊತ್ತು ಬಸ್ಸಿಳಿದವಳಿಗೆ ಸಿಕ್ಕಿದ್ದು ಇಬ್ಬರೇ ಶಿಷ್ಯೆಯರು. ಅದರಲ್ಲಿ ಒಬ್ಬಳು ನಾನು. "ಈ ಸಲಾನೂ ಹಿಂಗೇ ಆದ್ರೆ ಇನ್ನು ಕರೀಬೇಡಿ ಅಮ್ಮ" ಎಂದು ಹೇಳಿಯೇ ಹೋಗಿದ್ದಳು.

ಪೋಸ್ಟರ್‌ಗೆ ಸರೋಜಕ್ಕನ ಷರತ್ತು ಒಂದೇ. ಮೇಲೆ ಅವರ ಫೋಟೋ, ವಿಷಯ ಕೆಳಗೆ. ಫೋಟೋ ಅವರ ಮೊಮ್ಮಗನ ಮದುವೆಯದು. ಜರಿಯ ಒಂದೊಂದು ಎಳೆಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ.

"ನಿನ್ ಪ್ರಿಂಟರ್ ಸತ್ತಿದೆ ಕಣೋ" ಎಂದೆ. ಶಿವಣ್ಣನಿಗೆ ಸಿಟ್ಟು ಬಂತು. ಯಾವುದೋ ಆಫೀಸಿನ ಹರಾಜಿನಲ್ಲಿ ತಂದು ಮಗುವಿನ ಹಾಗೆ ಸಾಕಿದ್ದಾನೆ.

"ಅದಕ್ಕೇನೂ ಆಗಿಲ್ಲ ಅಕ್ಕ. ನಿಮ್ ಅಧ್ಯಕ್ಷರೇ ಭಾರ."

"ಅದು ಊರಿಗೇ ಗೊತ್ತು. ಪ್ರಿಂಟರ್‌ಗೆ ಹೆಂಗ್ ಗೊತ್ತಾಯ್ತು?"

ಪ್ರಿಂಟರ್ ಆರಿಸಿ ಮತ್ತೆ ಹಾಕಿದ. ವೈರ್ ಕಿತ್ತು ಚುಚ್ಚಿದ. ಕ್ವಾಲಿಟಿ ಕಡಿಮೆ ಮಾಡಿದ. ಮತ್ತೆ ಹಣೆ. ಸೋಫಾ ಮೇಲೆ ನಾಲ್ಕು ಹಣೆಗಳು ಸಾಲಾಗಿ ಮಲಗಿದವು. ಪೋಸ್ಟರ್‌ನಲ್ಲಿ ಫೋಟೋವನ್ನು ಬೆಂಕಿಪೆಟ್ಟಿಗೆಯಷ್ಟು ಕುಗ್ಗಿಸಿದೆ. ಆಗಲೂ ಹಣೆಯೇ!

"ಹೊರಗೆ ಚಿಕ್ಕದಾಗಿ ಕಂಡ್ರೂ ಒಳಗೆ ಪೂರ್ತಿ ಫೋಟೋನೇ ಕೂತಿರುತ್ತೆ. ಇದರ ಮೆಮೊರಿಗೆ ಅಷ್ಟೆಲ್ಲ ಹಿಡಿಯಲ್ಲ" ಎಂದ.

ದಿನಾಂಕ, ಸಮಯ, ಜಾಗ? ಒಂದು ಹಾಳೆಗೂ ಬಂದಿರಲಿಲ್ಲ. ಅವೆಲ್ಲ ಸರೋಜಕ್ಕನ ಕೆಳಗಿದ್ದವು. ಅವರಿಗೇ ಫೋನ್ ಮಾಡಿದೆ.

"ಸರೋಜಕ್ಕ, ವಿಷಯ ಮೇಲೆ ಹಾಕಿ ನಿಮ್ಮನ್ನ ಕೆಳಗೆ ಹಾಕ್ಲಾ?"

"ಅಧ್ಯಕ್ಷೆ ನಾನಾ, ಚೀಲಾನಾ?"

ಫೋನ್ ಇಟ್ಟರು. ಆಗ ನೆನಪಾಗಿದ್ದು ನನ್ನ ಮೊಮ್ಮಗಳ ಬೈಗುಳ. "ಅಜ್ಜಿ, ಎಚ್‌ಡಿ ಒತ್ತಿ ಕಳ್ಸು. ಇಲ್ಲಾಂದ್ರೆ ವಾಟ್ಸಾಪ್‌ನಲ್ಲಿ ಫೋಟೋ ಸೊರಗಿ ಹೋಗುತ್ತೆ." ಸೊರಗಲಿ, ನಮಗೆ ಬೇಕಾಗಿದ್ದೂ ಅದೇ ತಾನೇ! ಎಚ್‌ಡಿ ಒತ್ತದೆ ಪಕ್ಕದಲ್ಲೇ ಕೂತಿದ್ದ ಶಿವಣ್ಣನಿಗೆ ಕಳಿಸಿದೆ. ಸೊರಗಿದ ಸರೋಜಕ್ಕನನ್ನು ಅವನು ಮೊದಲಿನಷ್ಟೇ ದೊಡ್ಡದಾಗಿ ಪೋಸ್ಟರ್‌ಗೆ ಕೂರಿಸಿದ. ಹುಬ್ಬು ಬಂತು, ಮೂಗುಬೊಟ್ಟು ಬಂತು, ಗಲ್ಲ ಬಂತು. ಕೊನೆಗೆ ತಳದಲ್ಲಿ ಭಾನುವಾರವೂ ಬಂತು.

"ನೋಡಿದ್ಯಾ? ಸುಮ್ಸುಮ್ನೆ ಬೈತಿದ್ದೆ ಪಾಪ" ಎಂದು ಶಿವಣ್ಣ ಪ್ರಿಂಟರ್‌ನ ಬೆನ್ನು ಸವರಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪೋಸ್ಟರ್ ನೋಡಿದೆ. ಮುಕ್ಕಾಲು ಪಾಲು ಮುಖ. ತಳದಲ್ಲಿ ಇರುವೆ ಸಾಲಿನ ಹಾಗೆ ವಿಷಯ. ಸವಳಂಗ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗ ಇಂಥವು ಎಷ್ಟು ಕಾಣುತ್ತವೆ? ಯಾರದೋ ಹುಟ್ಟುಹಬ್ಬ, ಯಾರಿಗೋ ಅಭಿನಂದನೆ, ಕೂಲಿಂಗ್ ಗ್ಲಾಸ್ ಹಾಕಿದ ನಲವತ್ತು ಮುಖ. ಒಂದನ್ನಾದರೂ ಕೊನೆವರೆಗೆ ಓದಿದ್ದೇನೆಯೇ? ನೀವು ಓದಿದ್ದೀರಾ? ಪ್ರಿಂಟರ್‌ಗಾದರೋ ಸಾಕು ಅನ್ನಲು ಒಂದು ಕೆಂಪು ದೀಪವಿದೆ. ನಮಗೆ?

"ಶಿವಣ್ಣ, ಆ ಭಾರದ ಫೋಟೋನೇ ವಾಪಸ್ ಹಾಕು. ಆದ್ರೆ ಕೆಳಗೆ. ವಿಷಯ ಮೇಲೆ, ದಪ್ಪ ಅಕ್ಷರದಲ್ಲಿ."

"ಈಗ ತಾನೇ ಸರಿ ಹೋಯ್ತಲ್ಲೇ ಅಕ್ಕ!"

"ಸರಿ ಹೋಗಿದ್ದು ನಿಂಗೂ ನಂಗೂ ಮಾತ್ರ ಗೊತ್ತಿರ್ಲಿ ಮಾರಾಯ."

(ಈಗ ನಿಮಗೂ ಗೊತ್ತಾಯಿತು. ಸರೋಜಕ್ಕ ಇದನ್ನು ಓದುವುದಿಲ್ಲ ಬಿಡಿ, ಶೀರ್ಷಿಕೆಯಲ್ಲಿ ಅವರ ಹೆಸರಿಲ್ಲವಲ್ಲ.)

ವಿಷಯವೆಲ್ಲ ಬಂದು ಹಣೆಗೆ ನಿಂತ ಪೋಸ್ಟರ್‌ಗಳನ್ನು ಶುಕ್ರವಾರ ಅಂಗಡಿ, ಕ್ಲಿನಿಕ್, ಹಾಲಿನ ಬೂತ್ ಎಲ್ಲ ಕಡೆ ಅಂಟಿಸಿದೆವು. ಹೋಗುವವರೆಲ್ಲ ನಿಂತರು. ಯಾರದೀ ಹಣೆ? ಪತ್ತೆ ಹಚ್ಚಲು ಮೇಲಿಂದ ಕೆಳಗೆ ಒಂದಕ್ಷರ ಬಿಡದೆ ಓದಿದರು. ಭಾನುವಾರ ಹಾಸಿದ ಜಮಖಾನೆ ಸಾಲಲಿಲ್ಲ. ಲಲಿತಾ ತಂದ ಬಟ್ಟೆ ಮಧ್ಯಾಹ್ನಕ್ಕೇ ಖಾಲಿ. "ಮುಂದಿನ ತಿಂಗಳು ಯಾವತ್ತು ಬರ್ಲಿ ಅಮ್ಮ?" ಎಂದು ಅವಳೇ ಕೇಳಿದಳು.

ಸರೋಜಕ್ಕ ಮಾತ್ರ ಪೋಸ್ಟರ್ ಹಿಡಿದೇ ಬಂದಿದ್ದರು.

"ಏನೇ ಇದು? ನನ್ ಮುಖ ಎಲ್ಲೇ?"

"ಹಳೇ ಪ್ರಿಂಟರ್ ಸರೋಜಕ್ಕ. ನಿಮ್ ಮುಖದ ಕಳೆ ತಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ."

ಅವರು ಒಮ್ಮೆ ನನ್ನನ್ನು, ಒಮ್ಮೆ ತುಂಬಿದ ಸಭೆಯನ್ನು ನೋಡಿದರು. ಹೆಂಗಸರೆಲ್ಲ ಅವರ ಹಣೆಯನ್ನೇ ನೋಡಿ ಪಿಸುಗುಟ್ಟುತ್ತಿದ್ದರು. ಅಂದಿನಿಂದ ಕುಂಕುಮ ಇನ್ನೂ ಸ್ವಲ್ಪ ಅಗಲವಾಗಿದೆ.

ಮೊನ್ನೆ ಪತ್ರಿಕೆಯವರು ಫೋನ್ ಮಾಡಿದ್ದರು. ಈ ಅಂಕಣದ ಮೇಲೆ ಹಾಕಲು ನನ್ನದೊಂದು ಫೋಟೋ ಬೇಕಂತೆ.

ಎಚ್‌ಡಿ ಒತ್ತಿಯೇ ಕಳಿಸಿದ್ದೇನೆ.