ರುಶ್ದಿ ಅಗೆದ ಪಾಯ

ನಮ್ಮ ಸೆಬಾಸ್ಟಿಯಾ ಊರಿನಲ್ಲಿ ಪಾಯ ಅಗೆಯುವವನ ಎದೆ ಗಟ್ಟಿಯಿರಬೇಕು. ಹಳೆಯ ಕಲ್ಲು ಸಿಕ್ಕಿತೆಂದು ಪುರಾತತ್ವ ಕಚೇರಿಗೆ ಗೊತ್ತಾದರೆ ಅಂದಿಗೇ ಕೆಲಸ ಬಂದ್.

ಗುಡ್ಡದ ಮೇಲಿನ ಹಾಳೂರಿಗೆ ಮೂವತ್ತು ವರ್ಷದಿಂದ ಕಾವಲಿರುವ ರುಶ್ದಿಗೆ ಇದು ಗೊತ್ತಿಲ್ಲದ್ದೇನಲ್ಲ. ನೋಡಲು ಬಂದವರಿಗೆಲ್ಲ ಅವನದು ಒಂದೇ ಪಾಠ: "ಇದು ಬೈಬಲ್ಲಿನ ಸಮಾರಿಯ. ಕಟ್ಟಿಸಿದ್ದು ಒಮ್ರಿ ರಾಜ. ಆಮೇಲೆ ಬಂದ ಹೆರೋದ, ಚಕ್ರವರ್ತಿ ಅಗಸ್ಟಸ್‌ನ ಮೆಚ್ಚಿಸೋಕೆ ಊರಿಗೆ ಅವನ ಹೆಸರೇ ಇಟ್ಟ. ಅದೇ ಹೆಸರು ಗ್ರೀಕಿನಲ್ಲಿ ಸೆಬಾಸ್ಟೆ. ರಾಜರು ಹೋದ್ರು, ಹೆಸರು ನಮ್ಮ ಬಾಯಲ್ಲಿ ಉಳೀತು." ಐದನೇ ತರಗತಿಗೇ ಶಾಲೆ ಬಿಟ್ಟವನು ಗ್ರೀಕ್ ಅಕ್ಷರಗಳನ್ನು ಅಲ್ಲಿನ ಕಲ್ಲುಗಳ ಮೇಲೆ ಬೆರಳಾಡಿಸಿಯೇ ಕಲಿತಿದ್ದ. ಯಾರಾದರೂ ಹಳೆಯ ಕಲ್ಲನ್ನು ಮನೆಗೋಡೆಗೆ ಸೇರಿಸಿದರೆ ಮಾತ್ರ ಮೈಮೇಲೆ ಬೀಳುತ್ತಿದ್ದ. ಪಕ್ಕದ ಮನೆಯ ಹಮ್ದಾನನ ಕುರಿದೊಡ್ಡಿ ಅರ್ಧಕ್ಕೆ ನಿಂತದ್ದು ಇವನ ದೂರಿನಿಂದಲೇ. ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಈ ಸಲ ಅಗೆದದ್ದು ತನ್ನದೇ ಹಿತ್ತಿಲು. ಗಂಡನನ್ನು ಕಳೆದುಕೊಂಡ ಮಗಳು ನಜ್ಲಾ ಎರಡು ಹೆಣ್ಣುಕೂಸು ಕಟ್ಟಿಕೊಂಡು ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಮಳೆಗೆ ಮುಂಚೆ ಅವಳಿಗೊಂದು ಕೋಣೆ ಏಳಬೇಕಿತ್ತು. ಮೂರನೆಯ ದಿನ ಹಾರೆ ಠಣ್ಣೆಂದಿತು. ಮಣ್ಣೊರೆಸಿದರೆ ಏಳು ಗ್ರೀಕ್ ಅಕ್ಷರ, ಊರಿನ ಹೆಸರು. ಇಷ್ಟು ವರ್ಷ ಗುಡ್ಡ ಸುತ್ತಿದರೂ ಅದನ್ನು ಇಡಿಯಾಗಿ ಅವನು ಕಂಡಿರಲಿಲ್ಲ.

"ಅಪ್ಪಾ, ಕಚೇರಿಗೆ ಹೇಳ್ತೀಯಾ?" ನಜ್ಲಾ ಕೇಳಿದಳು.

"ಒಳಗೆ ಹೋಗಮ್ಮ."

ಕಲ್ಲಿಗೆ ಗೋಣಿ ಹೊದಿಸಿ ಅದರ ಮೇಲೇ ಕುಳಿತ. ಎರಡು ದಿನ ಅದನ್ನೇ ಕಾದ. ಬೀದಿಯಲ್ಲಿ ಗಾಡಿ ಸದ್ದಾದರೆ ಸಾಕು, ಎದ್ದು ಇಣುಕುವನು.

ಮೂರನೆಯ ದಿನ ಗೋಡೆಯಾಚೆ ಹಮ್ದಾನನ ತಲೆ ಕಂಡಿತು.

"ಏನು ಕಾವಲುಗಾರ್ ಸಾಹೇಬ್ರೇ, ಮೊಟ್ಟೆಗೆ ಕಾವು ಕೊಡ್ತಿದೀರಾ?"

ಹಾರಿ ಬಂದವನೇ ರುಶ್ದಿಯನ್ನು ಪಕ್ಕಕ್ಕೆ ಸರಿಸಿ ಗೋಣಿ ಎತ್ತಿದ. ಹಮ್ದಾನ್ ಕಲ್ಲು ನೋಡಿದ, ಬಾಗಿಲಲ್ಲಿ ನಿಂತ ಕೂಸುಗಳನ್ನು ನೋಡಿದ.

"ಏನಂತ ಬರೆದಿದೆ?"

"ನಮ್ಮೂರ ಹೆಸರು."

"ಅದು ನಮಗೆ ಗೊತ್ತಿರೋದೇ. ಹಿಡಿ ಆ ತುದಿ."

ಇಬ್ಬರೂ ಸೇರಿ ಕಲ್ಲನ್ನು ಬೋರಲು ಹಾಕಿದರು. ಸಂಜೆಯೊಳಗೆ ಮೇಲೆ ಸಿಮೆಂಟು ಬಿತ್ತು.

"ಹಮ್ದಾನ್, ಯಾರಿಗೂ ಹೇಳಲ್ಲ ತಾನೇ?"

"ದೂರು ಹೇಳೋದು ನಿನ್ನ ಕೆಲಸ ಕಣೋ, ನಂದಲ್ಲ."

ಬಾಯಿಗೆ ಬಂದಂತೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದು ರುಶ್ದಿ ನನ್ನ ಮುಂದೆ ಅತ್ತ. ಮಳೆಗೆ ಮುಂಚೆ ಕೋಣೆ ಎದ್ದಿತು, ಕೂಸುಗಳು ಬೆಚ್ಚಗೆ ಮಲಗಿದವು. ಗುಡ್ಡದ ಮೇಲೆ ಅವನ ಪಾಠ ಈಗಲೂ ನಡೆದಿದೆ. ಒಮ್ರಿ ಬರುತ್ತಾನೆ, ಹೆರೋದ ಬರುತ್ತಾನೆ. ಊರಿನ ಹೆಸರಿಗೆ ಬಂದಾಗ ಮಾತ್ರ ಅವನು ತಿರುಗಿ ತನ್ನ ಮನೆಯ ಕಡೆ ನೋಡುತ್ತಾನೆ, ಯಾರಾದರೂ ಅಗೆಯುತ್ತಿದ್ದಾರೇನೋ ಎಂದು.