ಜಪ್ತಿಯಾದ ಹೊಲದಲ್ಲಿ ಚರಗ

ಮೊರಬದ ಅಕ್ಕನ ಹೊಲ ಜಪ್ತಿಯಾದ ವರ್ಷ ಎಳ್ಳಮಾವಾಸ್ಯೆಗೆ, ಬೆಳೆಗೆ ಎಡೆ ಚೆಲ್ಲುವ ಚರಗಕ್ಕೆ ಹೋದವರು ಅವಳು, ನಾನು ಇಬ್ಬರೇ. ಭಾವ ಜೈಲಿನಲ್ಲಿದ್ದ. ಸೊಸೈಟಿಯೊಂದರಲ್ಲಿ ಜನರಿಟ್ಟ ಠೇವಣಿ ನುಂಗಿದ ಆರೋಪ. ರೊಕ್ಕ ಎಲ್ಲೂ ಸಿಗದೆ, ಅಧಿಕಾರಿಗಳು ಈ ಹೊಲಕ್ಕೇ ಕೈ ಹಾಕಿದ್ದರು.

"ನಮ್ಮವ್ವ ಅಕ್ಕಗ ಕೊಟ್ಟ ಹೊಲ ಅಪರಾಧದ ಗಳಿಕಿ ಹ್ಯಾಂಗಾಗತೈತ್ರಿ?" ಎಂದು ಧಾರವಾಡದ ವಕೀಲರನ್ನು ಕೇಳಿದ್ದೆ.

"ನುಂಗಿದ ರೊಕ್ಕ ಸಿಗದಿದ್ರ, ಆರೋಪಿದು ಅಷ್ಟ ಕಿಮ್ಮತ್ತಿನ ಬ್ಯಾರೆ ಆಸ್ತೀನೂ ಗಳಿಕಿನ ಅಂತಾರ್ರಿ. ಅಪರಾಧಕ್ಕಿಂತ ಮೊದಲಿಂದ ಇದ್ದ ಆಸ್ತಿಗೆ ಅದು ಹತ್ತತೈತೋ ಇಲ್ಲೋ, ಒಂದೊಂದು ಕೋರ್ಟು ಒಂದೊಂದು ನಮೂನಿ ಹೇಳ್ಯಾವು. ನಾವು ಹೊಲ ಖರೇನ ಅಕ್ಕಾರದು, ಗಂಡಂದಲ್ಲ ಅಂತ ತೋರಿಸಬೇಕು. ಬೆಳೀರಿ, ಉಣ್ರಿ. ಮಾರಬ್ಯಾಡ್ರಿ, ಅಷ್ಟ."

ಊರೆಲ್ಲ ಅದನ್ನು ಭಾವನ ಹೊಲವೆಂದೇ ಕರೆಯುತ್ತಿತ್ತು. ನಾನೂ.

ಚರಗದಲ್ಲಿ ಹೊಲದ ಯಜಮಾನ ಮುಂದೆ ಕೂಗುತ್ತಾ ಎಡೆ ಚೆಲ್ಲಬೇಕು. ಹಿಂದಿನವನು ನೀರು ಚಿಮುಕಿಸುತ್ತಾ ಓಗೊಡಬೇಕು. ಪ್ರತಿ ವರ್ಷ ಕೂಗು ಭಾವನದು, ಓಗೊಡುವವನು ನಾನು. ಈ ಸಲ ಬುಟ್ಟಿ ಅಕ್ಕನ ಕೈಯಲ್ಲಿತ್ತು. ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಪೊಲೀಸರು ಬಂದರೇನೋ ಎಂದು ಬೆವರುವವನು ನಾನು. "ಕೂಗಬ್ಯಾಡಕ್ಕಾ, ಸುಮ್ಮನ ಚೆಲ್ಲು" ಎಂದೆ.

"ಬೆಳೀರಿ ಅಂತ ವಕೀಲರು ಹೇಳ್ಯಾರಂತ. ನಿನಗ ಕೂಗಾಕೂ ಆರ್ಡರ್ ಬೇಕೇನಲೇ?" ಎಂದಳು. ಆದರೂ ಸುಮ್ಮನೆ ಚೆಲ್ಲಿದಳು.

ನಡುಹೊಲದಲ್ಲಿ, ಆಳೆತ್ತರದ ಜೋಳದೊಳಗೆ, ಮುಂದಿನಿಂದ ಕೂಗು ಕೇಳಿತು. ಕೊನೆಯನ್ನು ಎಳೆದು ಎಳೆದು ಬಿಡುವ ಭಾವನ ರೀತಿ. ನಡುಮಧ್ಯಾಹ್ನದ ಬಿಸಿಲಲ್ಲಿ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಾಜೂ ಹೊಲದವರು ಇರಬೇಕು" ಎಂದೆ.

"ಬಾಜೂ ಹೊಲ ಈ ವರ್ಷ ಬಿತ್ತೇ ಇಲ್ಲ."

ಮತ್ತೆ ಕೂಗು. ಇಷ್ಟು ವರ್ಷದ ರೂಢಿಗೆ ನನ್ನ ಬಾಯಿ ತಾನಾಗಿ ತೆರೆಯಿತು. ಅಕ್ಕ ಗಕ್ಕನೆ ತಿರುಗಿದಳು.

"ಓಗೊಟ್ಟಿ ಅಂದ್ರ ನೋಡು! ಓಗೊಟ್ರ ಹೊಲ ನಿಮ್ಮ ಭಾವಾರದ್ದ ಅಂದಂಗಾತು."

ಬಾಯಿ ಮುಚ್ಚಿದೆ. ತಂಬಿಗೆಯ ನೀರು ಕಾಲ ಮೇಲೆ ಸುರಿಯುತ್ತಿತ್ತು. ಮೂರನೆಯ ಕೂಗು ಇನ್ನೂ ಹತ್ತಿರದಿಂದ ಬಂತು.

ಅಕ್ಕ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಅತ್ತ ಮುಖ ಮಾಡಿ ನಿಂತಳು. ಆ ಹೊಲದಲ್ಲಿ ಎಂದೂ ದನಿಯೆತ್ತದವಳು ಹೊಟ್ಟೆಯೊಳಗಿಂದ ಕೂಗಿದಳು. ನಾನು ಓಗೊಟ್ಟಿದ್ದು ಕೋಳಿಮರಿ ಚಿಂವ್ ಎಂದಂತಿತ್ತು.

"ಜೋರಾಗಿ ಅನ್ನಲೇ. ಅವರಿಗೂ ಕೇಳಲಿ."

ಜೋರಾಗಿಯೇ ಓಗೊಟ್ಟೆ. ಕೂಗು ನಿಂತಿತು. ಗಾಳಿಯೇ ಇರಲಿಲ್ಲ, ಆದರೂ ಮುಂದಿನ ಜೋಳದ ದಂಟುಗಳು, ಯಾರೋ ಸರಿದು ದಾರಿ ಬಿಟ್ಟಂತೆ, ಒಂದೊಂದಾಗಿ ಬದಿಗೆ ಬಾಗಿದವು. ಅಕ್ಕ ಆ ದಾರಿಯಲ್ಲೇ ಚೆಲ್ಲುತ್ತಾ ನಡೆದಳು.